ಟೇಬಲ್ಲಿನಲ್ಲಿ ಕಾಣದ್ದು ಚುಕ್ಕೆಗಳಲ್ಲಿ ಕಂಡಿತು

ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಮಷೀನ್ ಶಾಪಿನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗಳಲ್ಲಿ ಸ್ಟೀಲ್ ಬುಶ್, ಅಂದರೆ ನಡುವೆ ತೂತಿರುವ ಕೊಳವೆಯಂಥ ಬಿಡಿಭಾಗ, ಮಾಡುವುದು ನಮ್ಮ ಕೆಲಸ. ತಿಂಗಳಿಗೊಮ್ಮೆ ರಿವ್ಯೂ ಮೀಟಿಂಗ್ ಇರುತ್ತದೆ. ಎಷ್ಟು ಪೀಸ್ ರಿಜೆಕ್ಟ್ ಆಯಿತು, ಯಾಕಾಯಿತು ಅಂತ ಮಾಲೀಕರ ಮುಂದೆ, ಮ್ಯಾನೇಜರ್ ಮುಂದೆ ಹೇಳಬೇಕಾದವಳು ನಾನು.

ಎರಡು ವರ್ಷ ಎಕ್ಸೆಲ್ ಟೇಬಲ್‌ಗಳನ್ನೇ ಎತ್ತಿ ಪವರ್‌ಪಾಯಿಂಟಿಗೆ ಅಂಟಿಸುತ್ತಿದ್ದೆ. 32 ಸ್ಲೈಡ್, ಎಲ್ಲದರ ಮೇಲೂ ‘ರಿಜೆಕ್ಷನ್ ಅನಾಲಿಸಿಸ್’ ಅಂತ ಒಂದೇ ತಲೆಬರಹ. ಒಂದು ಸಲ ಎಲ್ಲ ಮುಗಿದ ಮೇಲೆ ಮ್ಯಾನೇಜರ್ ಸಮಾಧಾನವಾಗಿಯೇ ಕೇಳಿದರು: “ಎಲ್ಲಾ ಸರಿ ಮೇಡಂ, ಈಗ ನಾನೇನು ಮಾಡ್ಬೇಕು ಹೇಳಿ.” ನನಗೆ ಉತ್ತರ ಹೊಳೆಯಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದ್ದೆ.

ಮುಂದಿನ ತಿಂಗಳು ಲ್ಯಾಪ್‌ಟಾಪ್ ತೆರೆಯುವ ಮೊದಲು ಒಂದು ಹಾಳೆ ತಗೊಂಡೆ. ಮೆಟ್ಟಿಲ ಹತ್ತಿರ ಅವರು ಸಿಕ್ಕಿ “ಏನ್ ಸಮಾಚಾರ?” ಅಂದರೆ ಒಂದೇ ಮಾತಲ್ಲಿ ಏನು ಹೇಳುತ್ತೇನೆ, ಅದನ್ನು ಬರೆಯೋಣ ಅಂದುಕೊಂಡೆ. ‘ಬುಶ್‌ನ ಬೋರ್ ಚಿಕ್ಕದಾಗುತ್ತಿದೆ’ ಅಂತ ಬರೆದೆ. ಬೋರ್ ಅಂದರೆ ಬುಶ್‌ನ ನಡುವಿನ ತೂತು. ಯಾವಾಗ ಚಿಕ್ಕದಾಗುತ್ತದೆ? ನನಗೇ ಗೊತ್ತಿರಲಿಲ್ಲ. ದಿನದ ಸರಾಸರಿ ಇಟ್ಟುಕೊಂಡಿದ್ದೆ, ಅದರಲ್ಲಿ ಎಲ್ಲಾ ದಿನವೂ ಒಂದೇ ಥರ ಕಾಣುತ್ತಿತ್ತು.

ಇನ್‌ಸ್ಪೆಕ್ಷನ್ ರಿಜಿಸ್ಟರ್ ತಂದು ಒಂದು ಮಷೀನಿನ ಅಳತೆಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದೆ. ತಾರೀಖು ಬಿಟ್ಟೆ. ಹೊಸ ಇನ್ಸರ್ಟ್ (ಟೂಲ್‌ನ ತುದಿಗೆ ಹಾಕುವ, ಸವೆದಾಗ ಬದಲಿಸುವ ಕೊರೆಯುವ ತುಂಡು) ಹಾಕಿದ ಮೇಲೆ ಅದು ಎಷ್ಟನೇ ಪೀಸ್ ಅನ್ನುವುದನ್ನು ಅಡ್ಡ ಸಾಲಿಗೆ ಹಾಕಿದೆ, ಬೋರಿನ ಅಳತೆಯನ್ನು ಉದ್ದಕ್ಕೆ. ಒಂದು ಪೀಸಿಗೆ ಒಂದು ಚುಕ್ಕೆ. ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಜಾರಿನಲ್ಲಿ ಇಳಿದು, 180ನೇ ಪೀಸಿನ ಸುಮಾರಿಗೆ ಕೆಳಗಿನ ಲಿಮಿಟ್ ಗೆರೆ, ಅಂದರೆ ಬೋರ್ ಇರಬಹುದಾದ ಅತಿ ಚಿಕ್ಕ ಅಳತೆ, ದಾಟುತ್ತಿದ್ದವು. ಟೂಲ್‌ನ ಮೂತಿ ಸವೆದಷ್ಟೂ ಅದು ಕಡಿಮೆ ಕೊರೆಯುತ್ತದೆ, ಬೋರ್ ಕಿರಿದಾಗುತ್ತದೆ, ಬೋರ್ ಸರಿಯಿದೆಯಾ ಅಂತ ತೂರಿಸಿ ನೋಡುವ ಗೋ ಗೇಜ್ ಒಳಗೆ ಹೋಗುವುದಿಲ್ಲ. ನಾವು ಇನ್ಸರ್ಟ್ ಬದಲಿಸುತ್ತಿದ್ದದ್ದು 250ಕ್ಕೆ.

ಆ ಚಿತ್ರ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡು ವರ್ಷ ಇದೇ ಅಂಕಿಗಳು ನನ್ನ ಹತ್ತಿರವೇ ಇದ್ದವಲ್ವಾ!

ತಲೆಬರಹ ಈಗ ತಾನಾಗಿಯೇ ಬಂತು: ‘180 ಪೀಸ್ ಆದ ಮೇಲೆ ಬೋರ್ ಕೆಡುತ್ತಿದೆ, ಇನ್ಸರ್ಟ್ ಬದಲಿಸುವುದು 250ಕ್ಕೆ’. ಕೆಳಗೆ ಚುಕ್ಕೆಗಳ ಚಿತ್ರ ಮಾತ್ರ. ಲಿಮಿಟ್ ಒಳಗಿರುವ ಚುಕ್ಕೆಗಳು ಬೂದು, ಹೊರಗೆ ಬಿದ್ದವು ಕಿತ್ತಳೆ. ಕೆಂಪು, ಹಸಿರು ಬಿಟ್ಟೆ, ಯಾಕೆಂದರೆ ನಮ್ಮ ಪ್ರೊಡಕ್ಷನ್‌ನವರೊಬ್ಬರಿಗೆ ಆ ಎರಡೂ ಒಂದೇ ಥರ ಕಾಣುತ್ತವೆ. ಪಕ್ಕದಲ್ಲಿ ಬಣ್ಣಗಳ ಪಟ್ಟಿ ಕೊಡುವ ಬದಲು ಗೆರೆಯ ಮೇಲೆಯೇ ‘ಕೆಳಗಿನ ಲಿಮಿಟ್’ ಅಂತ ಬರೆದೆ. ಕಣ್ಣು ಅತ್ತಿಂದಿತ್ತ ಓಡಾಡುವ ಕೆಲಸ ತಪ್ಪಿತು.

ಮೀಟಿಂಗ್ ರೂಮಿನಲ್ಲಿ ಹಿಂದಿನ ದಿನವೇ ಹಾಕಿ ನೋಡಿದ್ದು ಒಳ್ಳೆಯದಾಯಿತು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ತೆಳು ಬೂದು ಬಣ್ಣ, ಟ್ಯೂಬ್‌ಲೈಟ್ ಬೆಳಕಿಗೆ ಪ್ರೊಜೆಕ್ಟರ್‌ನಲ್ಲಿ ಕಾಣಿಸಲೇ ಇಲ್ಲ. ಬೂದು ಗಾಢ ಮಾಡಿದೆ, ಗೆರೆ ದಪ್ಪ ಮಾಡಿದೆ. ಕೊನೆಯ ಕುರ್ಚಿಯಲ್ಲಿ ಕೂತು ಓದಿ ನೋಡಿದೆ. ನಮ್ಮ ರೂಮಿಗೆ 20 ಪಾಯಿಂಟಿಗಿಂತ ಚಿಕ್ಕ ಅಕ್ಷರ ಆಗುವುದಿಲ್ಲ.

ಫೋಟೋಗೂ ಒಂದು ಸಂಜೆ ಹೋಯಿತು. ಮೊಬೈಲ್ ಫ್ಲ್ಯಾಶ್ ಬಿದ್ದರೆ ಸ್ಟೀಲ್ ಬರೀ ಬೆಳ್ಳಗೆ ಹೊಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ. ಫ್ಲ್ಯಾಶ್ ಆರಿಸಿ, ಕಿಟಕಿ ಪಕ್ಕ ಹಾಳೆ ಹಾಸಿ, ಹೊಸ ಇನ್ಸರ್ಟ್, ಸವೆದ ಇನ್ಸರ್ಟ್ ಎರಡನ್ನೂ ಜೊತೆಗೆ ಇಟ್ಟೆ. ಪಕ್ಕದಲ್ಲೊಂದು ಸ್ಟೀಲ್ ಸ್ಕೇಲ್. ಓರೆಯಾಗಿ ಬಿದ್ದ ಬೆಳಕಿನಲ್ಲಿ ಸವೆದ ಅಂಚು ಸ್ಪಷ್ಟವಾಗಿ ಕಂಡಿತು. ಅದೇ ಎರಡನೇ ಸ್ಲೈಡ್.

ಒಟ್ಟು ಐದು ಸ್ಲೈಡ್ ಆಯಿತು. ಟೇಬಲ್‌ಗಳನ್ನು ಎಸೆಯಲಿಲ್ಲ, ಕೊನೆಯ ಸ್ಲೈಡಿನ ಆಚೆಗೆ ಇಟ್ಟೆ. ಯಾರಾದರೂ ಕೇಳಿದರೆ ಸ್ಲೈಡ್ ನಂಬರ್ ಒತ್ತಿ ಎಂಟರ್ ಹೊಡೆದರೆ ಸಾಕು, ನೇರ ಅಲ್ಲಿಗೇ ಹೋಗುತ್ತದೆ. ಮಾತುಕತೆ ಶುರುವಾದಾಗ ಕೀಬೋರ್ಡಿನ ಬಿ ಒತ್ತಿ ಪರದೆ ಕಪ್ಪು ಮಾಡಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದರು. ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು: ಇನ್ಸರ್ಟ್ 170ಕ್ಕೆ ಬದಲಿಸುವುದು, ಇನ್ಸರ್ಟ್‌ಗೆ ಜಾಸ್ತಿ ಆಗುವ ಖರ್ಚನ್ನು ರಿಜೆಕ್ಷನ್ನಿನ ನಷ್ಟದ ಜೊತೆ ಮೂರು ತಿಂಗಳು ಹೋಲಿಸಿ ನೋಡುವುದು.

ಆಮೇಲೆ ಅದನ್ನೇ ಆಪರೇಟರ್‌ಗಳಿಗೆ ಕನ್ನಡದಲ್ಲಿ ತೋರಿಸಬೇಕು ಅನ್ನಿಸಿತು. ಇಲ್ಲಿ ಬೇರೆ ತೊಂದರೆಗಳಿದ್ದವು. ನಮ್ಮ ಹಳೆಯ ಕನ್ನಡ ಫೈಲ್‌ಗಳು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರದ ಬದಲು ಏನೇನೋ ಚಿಹ್ನೆ ಬರುತ್ತಿತ್ತು. ಎಲ್ಲವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಆದರೂ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ಸಾಲುಗಳ ನಡುವೆ 1.3 ಕೊಟ್ಟ ಮೇಲೆ ಸರಿಹೋಯಿತು. ‘ವ್ಯಾಸ’ ಅಂತ ಬರೆದಿದ್ದನ್ನು ಅಳಿಸಿ ‘ಬೋರ್’ ಅಂತಲೇ ಮಾಡಿದೆ. ಶಾಪಿನಲ್ಲಿ ಯಾರೂ ವ್ಯಾಸ ಅನ್ನುವುದಿಲ್ಲ.

ಶಿಫ್ಟ್ ಬದಲಾಗುವ ಹೊತ್ತಿಗೆ ಮಷೀನ್ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಆಪರೇಟರ್ ಒಬ್ಬರು ಮುಂದೆ ಬಂದು, ಇಳಿಜಾರಿನ ಮಧ್ಯೆ ಬೆರಳಿಟ್ಟರು. ಅಲ್ಲಿ ಇನ್ನೂ ಎಲ್ಲವೂ ಬೂದು ಚುಕ್ಕೆಗಳೇ. “ಇಲ್ಲೇ ಸೌಂಡ್ ಚೇಂಜ್ ಆಗುತ್ತೆ ಮೇಡಂ,” ಅಂದರು. “ಕೀಂಯ್ ಅಂತ ಶುರುವಾಗುತ್ತೆ.”

ಅವರು ಬೆರಳಿಟ್ಟ ಜಾಗ 150ರ ಹತ್ತಿರ ಇತ್ತು. ಅಲ್ಲೇ ನಿಂತು ಆ ಜಾಗಕ್ಕೊಂದು ಉದ್ದ ಗೆರೆ ಎಳೆದು, ಮೇಲೆ ‘ಇಲ್ಲಿಂದ ಸದ್ದು ಬದಲಾಗುತ್ತದೆ’ ಅಂತ ಬರೆದೆ. ಮುಂದಿನ ರಿವ್ಯೂಗೆ ಆ ಗೆರೆಯೊಂದಿಗೇ ಸ್ಲೈಡ್ ಹೋಯಿತು.