ಅರಕೇರಿಯಾ ಗಿಡದ ತುದಿ ಮುಟ್ಟಬೇಡಿ

ದಾವಣಗೆರೆಯಲ್ಲಿ ಗೃಹಪ್ರವೇಶ ಮುಗಿಸಿದವರು ನಮ್ಮ ನರ್ಸರಿಗೆ ಬಂದರೆ ಮೊದಲು ಕೇಳುವುದೇ, ‘ಆ ಕ್ರಿಸ್‌ಮಸ್ ಗಿಡ ಇದೆಯೇನಣ್ಣ?’ ಅಂತ. ಅದು ಅರಕೇರಿಯಾ. ನೆಟ್ಟಗಿನ ಕಾಂಡ, ಸುತ್ತ ಅಂತಸ್ತು ಅಂತಸ್ತಾಗಿ ಟೊಂಗೆ, ವರ್ಷವಿಡೀ ಹಸಿರು.

ನಾನು ತಿರುಗಿ ಕೇಳುವುದು ಒಂದೇ: ಕುಂಡಕ್ಕೋ, ನೆಲಕ್ಕೋ? ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪ. ಅಲ್ಲಿ 50 ಮೀಟರ್ ದಾಟುತ್ತದೆ. 1774ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ಗೆ ಇದನ್ನು ನೋಡಿ ಹಡಗಿನ ಪಟಸ್ತಂಭದ ಆಸೆ ಹುಟ್ಟಿತ್ತು. ಆದರೆ ಮರ ಅದಕ್ಕೆ ಬೇಕಾದಷ್ಟು ಗಟ್ಟಿ ಇರಲಿಲ್ಲ. 30×40 ಸೈಟಿನಲ್ಲಿ ಕಾಂಪೌಂಡಿಗೆ ಒತ್ತಿ ನೆಟ್ಟರೆ ಮುಂದೆ ಕರೆಂಟ್ ತಂತಿಗೆ ತಾಗುತ್ತದೆ, ಲೈನ್‌ಮನ್ ಬಂದು ತುದಿ ಹಾರಿಸುತ್ತಾರೆ. ತುದಿ ಹೋದರೆ ಆ ಗೋಪುರದ ಅಂದ ವಾಪಸ್ ಬರುವುದಿಲ್ಲ. ಜಾಗ ಇಲ್ಲದವರು ಕುಂಡದಲ್ಲೇ ಇಡಿ, ನಿಧಾನವಾಗಿ ಬೆಳೆಯುತ್ತದೆ.

ಕೊಳ್ಳುವಾಗ ಬುಡ ನೋಡಿ. ಕೆಳಗಿನ ಅಂತಸ್ತು ಉದುರಿದ್ದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಪಕ್ಕದ ಮನೆಯ ಟೊಂಗೆ ಮುರಿದು ತಂದು ನೆಡುವ ಆಸೆಯೂ ಬೇಡ. ಬೇರು ಬಿಟ್ಟರೂ ಅದು ಅಡ್ಡಡ್ಡ ಹೋಗುತ್ತದೆಯೇ ಹೊರತು ಮೇಲೇಳುವುದಿಲ್ಲ. ಬೀಜದ ಸಸಿಯೇ ಬೇಕು.

ಎರೆಮಣ್ಣನ್ನು ಕುಂಡಕ್ಕೆ ತುಂಬಬೇಡಿ, ನೀರು ನಿಂತು ಬೇರು ಕೊಳೆಯುತ್ತದೆ. ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಭತ್ತದ ಹೊಟ್ಟು. ನಮ್ಮೂರಲ್ಲಿ ರೈಸ್ ಮಿಲ್ಲಿಗೇನು ಬರವೇ? ಮಳೆಗೆ ನೆನೆದು ಕಪ್ಪಾದ ಹೊಟ್ಟನ್ನೇ ಕೇಳಿ ತನ್ನಿ. ಬೆರಳು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬೋರ್ ನೀರು ಹಾಕಿ ಹಾಕಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದೆಯಾ? ಸಿಕ್ಕಾಗ ಮಳೆನೀರು ತುಂಬಾ ಸುರಿದು, ತಳದಿಂದ ಹರಿದು ಹೋಗಲು ಬಿಡಿ.

ಮಾರ್ಚಿನಿಂದ ಮೇವರೆಗೆ ತಾರಸಿಯ ಮಧ್ಯಾಹ್ನದ ಬಿಸಿಲಿಗೆ ಎಳೆ ಗಿಡದ ತುದಿ ಕಂದುತ್ತದೆ. ಪೂರ್ವದ ಕಡೆ, ಬೆಳಗಿನ ಬಿಸಿಲು ಬೀಳುವಲ್ಲಿ ಇಡಿ. ಹಾಲ್ ಮೂಲೆಯ ಕತ್ತಲಲ್ಲಿ ಸುಮ್ನೆ ಸೊರಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಆಷಾಢದ ಗಾಳಿಗೆ ಕುಂಡ ಉರುಳದಂತೆ ಗೋಡೆಗೆ ಒತ್ತಿಡಿ. ಟೊಂಗೆಯ ಸಂದಿಯಲ್ಲಿ ಹತ್ತಿಯಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ.

ಮೊನ್ನೆ ಒಬ್ಬರು ‘ಮರ ದಕ್ಷಿಣಕ್ಕೆ ವಾಲಿದೆ, ವಾಸ್ತು ದೋಷನಾ?’ ಅಂದರು. ನಾರ್ಫೋಕ್ ಪೈನ್ ಅಂತಲೂ ಕರೆಯುವ ಈ ಗಿಡದ ಹೆಸರಲ್ಲಿ ಅದರ ದಾಯಾದಿ ಕುಕ್ ಪೈನ್ ಕೂಡ ಮಾರಾಟವಾಗುತ್ತದೆ. ಆ ಜಾತಿ ಸಮಭಾಜಕ ವೃತ್ತದ ಕಡೆ ಸರಾಸರಿ 8.5 ಡಿಗ್ರಿ ವಾಲುತ್ತದೆ ಎಂದು ವಿಜ್ಞಾನಿಗಳು 2017ರಲ್ಲಿ ಅಳೆದು ಹೇಳಿದ್ದಾರೆ. ನಮಗೆ ಸಮಭಾಜಕ ಇರುವುದು ದಕ್ಷಿಣಕ್ಕೇ ಅಲ್ವಾ? ಹಗ್ಗ ಕಟ್ಟಿ ಎಳೆಯಬೇಡಿ ಅಂತ ಹೇಳಿ ಕಳಿಸಿದೆ.