ದಾಳಿಗೆ ಸಿಕ್ಕವರ ನೆನಪಿಗೆ ಒಂದು ಕಲ್ಲು ಕೆತ್ತಿದ್ದು

ನಾನು ಬೆಂಗಳೂರಿನಲ್ಲಿ ಕಲ್ಲಿನ ಫಲಕ ಕೆತ್ತುವವನು. ಮನೆ ಹೆಸರು, ಶಂಕುಸ್ಥಾಪನೆ, ದೇವಸ್ಥಾನದ ದಾನಿಗಳ ಪಟ್ಟಿ, ಇವೇ ನಮ್ಮ ಹೊಟ್ಟೆಪಾಡು. ಒಂದು ಬಡಾವಣೆಯ ಸಂಘದವರು ಬೇರೆ ತರದ ಕೆಲಸ ತಂದರು. ಈ ಊರಲ್ಲಿ ಉಗ್ರರ ದಾಳಿಗೆ ಸಿಕ್ಕವರ ನೆನಪಿಗೆ ಪಾರ್ಕಿನ ಗೋಡೆಯಲ್ಲಿ ಒಂದು ಕಲ್ಲು. ಪಾರ್ಕು ಪಾಲಿಕೆಯದ್ದು, ಅನುಮತಿ ಪತ್ರ ಕೈಗೆ ಬರುವ ತನಕ ಕಲ್ಲು ಕೊಳ್ಳೋದು ಬೇಡ ಅಂದೆ.

ಅವರು ತಂದ ಬರಹದಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಪ್ರಾಯೋಜಕರು ಎಲ್ಲ ಇತ್ತು. ಸತ್ತವರ ಬಗ್ಗೆ ಕೊನೆಯಲ್ಲಿ ಒಂದು ಸಾಲು. ಇಂಥ ಫಲಕಗಳನ್ನು ನಾನೇ ಬೇಕಾದಷ್ಟು ಕೆತ್ತಿದ್ದೇನೆ, ಆದರೆ ಇದಕ್ಕೆ ಮನಸ್ಸು ಒಪ್ಪಲಿಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನ ಇದೆಯಲ್ವಾ, ಬೆಂಗಳೂರು ಅನ್ನೋ ಹೆಸರು ಇರುವ ಹಳೇ ಕಲ್ಲು? ಅದರ ಫೋಟೊ ತೋರಿಸಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಸತ್ತ ಅಂತ ಅದು ನೇರವಾಗಿ ಹೇಳುತ್ತದೆ. ನಮಗೂ ಅಷ್ಟೇ ಸಾಕು ಅಂದೆ. ಪ್ರಾಯೋಜಕರ ಹೆಸರು ಬೇಕೇ ಬೇಕು ಅಂತ ಒಬ್ಬರು ಪಟ್ಟು ಹಿಡಿದರು. ಗೋಡೆಗೆ ಅಂಟುವ ಬದಿಗೆ ಕೆತ್ತಿಕೊಡುತ್ತೇನೆ ಅಂದೆ. ನಕ್ಕು ಸುಮ್ಮನಾದರು.

ಆಮೇಲೆ ಪಟ್ಟಿ ಮಾಡಲು ಕೂತೆವು. 2005ರ ಡಿಸೆಂಬರ್ 28, ಭಾರತೀಯ ವಿಜ್ಞಾನ ಸಂಸ್ಥೆ. ಸಮ್ಮೇಳನಕ್ಕೆ ಬಂದಿದ್ದ ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ಅಲ್ಲಿ ಗುಂಡಿಗೆ ಬಲಿಯಾದರು. 2008ರ ಜುಲೈ 25ರ ಸರಣಿ ಸ್ಫೋಟ, ಮಡಿವಾಳದ ಬಸ್ ನಿಲ್ದಾಣದಲ್ಲಿದ್ದ ಮಹಿಳೆಯೊಬ್ಬರು ಸತ್ತರು. 2014ರಲ್ಲಿ ಚರ್ಚ್ ಸ್ಟ್ರೀಟ್, ಚೆನ್ನೈಯಿಂದ ಬಂದಿದ್ದ ಮಹಿಳೆ. ಅದೂ ಡಿಸೆಂಬರ್ 28ರಂದೇ. ಚಿನ್ನಸ್ವಾಮಿ ಕ್ರೀಡಾಂಗಣ 2010, ಮಲ್ಲೇಶ್ವರ 2013, ಇವೆರಡೂ ಏಪ್ರಿಲ್ 17. ಕಾಪಿ ಮಾಡುವಾಗ ಆದ ತಪ್ಪು ಅಂತ ನೋಡಿದವರೆಲ್ಲ ಅನುಮಾನಪಟ್ಟರು. ಅದಕ್ಕೇ ದಿನಾಂಕಗಳನ್ನು ಹಳೇ ಪತ್ರಿಕೆ ನೋಡಿ ಮತ್ತೆ ತಾಳೆ ಹಾಕಿದೆವು.

ಕ್ರೀಡಾಂಗಣ, ಮಲ್ಲೇಶ್ವರ, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ, ಈ ಮೂರರಲ್ಲೂ ಯಾರೂ ಸಾಯಲಿಲ್ಲ, ಬಿಟ್ಟುಬಿಡೋಣ ಅನ್ನೋ ಮಾತು ಬಂತು. ನಾನು ಒಪ್ಪಲಿಲ್ಲ. ಗಾಯಗೊಂಡವರು ಇದೇ ಊರಲ್ಲಿ ಓಡಾಡುತ್ತಿದ್ದಾರೆ, ಅವರನ್ನು ಲೆಕ್ಕದಿಂದ ತೆಗೆಯೋದು ಹೇಗೆ? ಮೂರೂ ಉಳಿದವು. ಸಂಖ್ಯೆ ಮಾತ್ರ ಹಾಕಲಿಲ್ಲ. 2008ರದ್ದೇ ನೋಡಿ, ಸತ್ತವರು ಎಷ್ಟು ಅನ್ನೋದು ಒಂದೊಂದು ವರದಿಯಲ್ಲಿ ಒಂದೊಂದು ತರ ಇದೆ. ಕಲ್ಲಿಗೆ ತಿದ್ದುಪಡಿ ಕಷ್ಟ. ದಾಳಿ ಮಾಡಿದವರ ಹೆಸರಿಗಂತೂ ಜಾಗವೇ ಇಲ್ಲ. ಸತ್ತವರ ಹೆಸರನ್ನು ಮನೆಯವರನ್ನು ಕೇಳದೆ ಹಾಕಬಾರದು ಅನ್ನೋದು ನನ್ನ ನಿಲುವು. ಹಾಗಾಗಿ ಸದ್ಯ ಸ್ಥಳ, ದಿನಾಂಕ ಮಾತ್ರ. ಪ್ರತಿ ಸಾಲಿನ ಕೆಳಗೆ ಜಾಗ ಬಿಟ್ಟಿದ್ದೇನೆ. ಮನೆಯವರು ಒಪ್ಪಿದರೆ ಗೋಡೆಯಲ್ಲಿರುವಾಗಲೇ ಉಳಿ ಹಿಡಿದು ಹೆಸರು ಕೆತ್ತಬಹುದು.

ಕಲ್ಲು ಜಿಗಣಿಯಿಂದ ತಂದ ಕಪ್ಪು ಗ್ರಾನೈಟ್, 30 ಮಿ.ಮೀ. ದಪ್ಪ. ಕನ್ನಡಿಯಂಥ ಪಾಲಿಶ್ ಬೇಡ ಅಂದೆ. ಬಿಸಿಲಲ್ಲಿ ಆಕಾಶ ಕಾಣುತ್ತೆ, ಅಕ್ಷರ ಕಾಣಲ್ಲ. ಮಂಕು ಪಾಲಿಶ್ ಮಾಡಿಸಿ, ಅಕ್ಷರದ ಆಕಾರ ಕತ್ತರಿಸಿ ತೆಗೆದ ಸ್ಟಿಕ್ಕರ್ ಅಂಟಿಸಿ, ಗಾಳಿಯ ರಭಸದಲ್ಲಿ ಮರಳು ಊದಿ ಕೆತ್ತಿದೆ. ಕೆತ್ತಿದ ಜಾಗ ತಾನಾಗೇ ಬೂದು ಬಣ್ಣಕ್ಕೆ ಬರುತ್ತದೆ. ಬಣ್ಣ ತುಂಬಲೇ ಇಲ್ಲ. ಬಂಗಾರದ ಬಣ್ಣ ತುಂಬಿದರೆ ಮದುವೆ ಛತ್ರದ ಬೋರ್ಡಿನ ತರ ಕಾಣುತ್ತದೆ, ಮೇಲಾಗಿ ಕೆಲವೇ ವರ್ಷಕ್ಕೆ ಎದ್ದುಬರುತ್ತದೆ.

ನಿಜವಾದ ಕಷ್ಟ ಅಕ್ಷರದ್ದು. ‘ಚರ್ಚ್ ಸ್ಟ್ರೀಟ್’ ಅಂತ ಕೆತ್ತಿ ನೋಡಿ, ಗೊತ್ತಾಗುತ್ತದೆ. ಅರ್ಕಾವತ್ತು ಒಂದು ಕಡೆ, ಸಕಾರದ ಕೆಳಗೆ ಎರಡು ಒತ್ತು. ‘ಸ್ಫೋಟ’ದಲ್ಲೂ ಅದೇ ಗೋಳು. ಅಕ್ಷರ ಸಣ್ಣದಾದರೆ ಒತ್ತಿನ ಒಳಗಿನ ಸ್ಟಿಕ್ಕರ್ ಚೂರು ಗಾಳಿಗೆ ಹಾರಿ ಒತ್ತು ಬರೀ ಗುಳಿಯಾಗುತ್ತದೆ. ಒಂದು ಇಂಚು ಅಕ್ಷರ ಹತ್ತು ಅಡಿಯಿಂದ ಓದಬಹುದು ಅನ್ನೋ ಲೆಕ್ಕ ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ನಾನು ಒಂದೂವರೆ ಇಂಚು ಇಡುತ್ತೇನೆ. ಸಾಲುಗಳ ನಡುವೆಯೂ ಜಾಸ್ತಿ ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಹಳೇ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಒಡೆದುಹೋಗುತ್ತದೆ. ಸರಿಯಾಗಿ ಕಾಣುವ ಕಂಪ್ಯೂಟರಿನಲ್ಲೇ ಅಕ್ಷರವನ್ನು ಫಾಂಟ್ ಬೇಡದ ಗೆರೆ ಚಿತ್ರವಾಗಿ ಬದಲಿಸಿ ಕಳಿಸಿ ಅಂತ ಡಿಟಿಪಿಯವರಿಗೆ ಹೇಳಿದೆ.

ಕೂರಿಸುವಾಗ ಬರೀ ಅಂಟು ನಂಬಬೇಡಿ. ನಾಲ್ಕು ಮೂಲೆಗೂ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿ. ಮಳೆ ನೀರು ಹಿಂದೆ ಇಳಿಯದ ಹಾಗೆ ಮೇಲಿನ ಅಂಚು ಮುಚ್ಚಿಸಿ. ಪೂಜೆ ಮಾಡುವವರಿಗೆ ಬೇಡ ಅನ್ನಕ್ಕಾಗಲ್ಲ, ಆದರೆ ಅರಿಶಿನ, ಕುಂಕುಮ, ಎಣ್ಣೆ ಕೆತ್ತಿದ ಅಕ್ಷರದೊಳಗೆ ಕೂತರೆ ಹೋಗಲ್ಲ. ಹೂವಿಗೆ ಕೆಳಗೆ ಒಂದು ಸಣ್ಣ ಕಟ್ಟೆ ಮಾಡಿಸಿದ್ದೇವೆ. ತೊಳೆಯಲು ನೀರು, ಮೆತ್ತನೆ ಬ್ರಷ್ ಸಾಕು. ಆಸಿಡ್ ಹಾಕಬೇಡ ಅಂತ ಪಾರ್ಕಿನ ಮಾಲಿಗೆ ಹೇಳಿ ಬಂದಿದ್ದೇನೆ.