ಸ್ಪ್ರೇ ಗನ್ ಹೋಲಿಸುವ ಮೊದಲು ಗಾಳಿಯನ್ನು ಅಳೆಯಿರಿ

ನಮ್ಮ ಕಾಸರಗೋಡಿನ ಕಡೆ ಕಾರಿನ ಪೈಂಟಿಂಗ್ ಶೆಡ್‌ಗಳಿಗೆ ಹೋದರೆ, ದುಡ್ಡು ಕೊಟ್ಟು ತಂದು ನಾಲ್ಕು ದಿನ ಬಳಸಿ ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಒಂದು ಸ್ಪ್ರೇ ಗನ್ ಹೆಚ್ಚಿನ ಕಡೆ ಕಣ್ಣಿಗೆ ಬೀಳುತ್ತದೆ. ಯಾಕೆಂದು ಕೇಳಿದರೆ, ‘ಅದರಲ್ಲಿ ಫಿನಿಶಿಂಗ್ ಬರುವುದಿಲ್ಲ’ ಎನ್ನುತ್ತಾರೆ. ನನ್ನ ಶೆಡ್ಡಿನಲ್ಲಿಯೂ ಅಂಥದೊಂದು ಒಂದು ವರ್ಷ ನೇತಾಡಿತ್ತು. ಒಂದು ಆಟಿ ತಿಂಗಳಲ್ಲಿ ಹೊಸ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್ನಿನಿಂದ ಬೆಳ್ಳಿ ಬಣ್ಣದ ಕಾರೊಂದರ ಬೋನೆಟ್ಟಿಗೂ ಟಾಪಿಗೂ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ, ಹೊಡೆಯುತ್ತಿದ್ದೆ. ಬೋನೆಟ್ ಕನ್ನಡಿಯಂತೆ ಬಂತು. ಟಾಪಿನ ನಡುಭಾಗಕ್ಕೆ ಬರುವಷ್ಟರಲ್ಲಿ ಗನ್ನಿನ ಸದ್ದು ಬದಲಾಯಿತು. ‘ಸುಯ್’ ಎನ್ನುತ್ತಿದ್ದದ್ದು ‘ಫುಸ್’ ಎನ್ನತೊಡಗಿತು, ಹನಿಗಳು ದಪ್ಪವಾದವು, ಉಳಿದ ಅರ್ಧ ಟಾಪ್ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಯಿತು. ಅದು ಒಣಗಿದ ಮೇಲೆ ಎಲ್ಲವನ್ನೂ ವಾಟರ್ ಪೇಪರಿನಲ್ಲಿ ಉಜ್ಜಿ ಮತ್ತೆ ಹೊಡೆಯಬೇಕಾಯಿತು. ಗನ್ ಕೆಟ್ಟದೆಂದು ತೀರ್ಮಾನಿಸಿ ಮೊಳೆಗೆ ಹಾಕಿದೆ. ಅದು ಕೇಳುವಷ್ಟು ಗಾಳಿಯನ್ನು ನನ್ನ ಕಂಪ್ರೆಸರ್ ಕೊಡುತ್ತಿರಲಿಲ್ಲ ಎಂಬುದು ಗೊತ್ತಾದದ್ದು ಬಹಳ ತಡವಾಗಿ.

ಆದುದರಿಂದ ಗನ್ ಕೊಳ್ಳಲು ಮಂಗಳೂರಿಗೆ ಬಸ್ಸು ಹತ್ತುವ ಮೊದಲು ನಿಮ್ಮ ಶೆಡ್ಡಿನಲ್ಲಿಯೇ ಒಂದು ಲೆಕ್ಕ ಮಾಡಿ.

ಕಂಪ್ರೆಸರ್ ನಿಜವಾಗಿ ಎಷ್ಟು ಕೊಡುತ್ತದೆ?

ಕಂಪ್ರೆಸರಿನ ತಗಡಿನ ಮೇಲೆ ಬರೆದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ) ಅಂಕಿ ಸಾಮಾನ್ಯವಾಗಿ ಪಿಸ್ಟನ್ ಎಳೆದುಕೊಳ್ಳುವ ಗಾಳಿಯದು. ಟ್ಯಾಂಕಿನಿಂದ ಹೊರಗೆ ಸಿಗುವ ಗಾಳಿ ಅದಕ್ಕಿಂತ ಸಾಕಷ್ಟು ಕಡಿಮೆ. ನಿಜವಾದದ್ದನ್ನು ತಿಳಿಯಲು ಗಡಿಯಾರವಿದ್ದರೆ ಸಾಕು. ಟ್ಯಾಂಕಿನ ಹೊರದಾರಿಯನ್ನು ಮುಚ್ಚಿ, ಒತ್ತಡ 4 ಬಾರ್‌ನಿಂದ 6 ಬಾರ್‌ಗೆ ಏರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡಿ. ಟ್ಯಾಂಕು 160 ಲೀಟರಿನದಾಗಿದ್ದು 96 ಸೆಕೆಂಡು ಹಿಡಿದರೆ, 160ನ್ನು ಏರಿದ 2 ಬಾರ್‌ನಿಂದ ಗುಣಿಸಿದಾಗ 320 ಲೀಟರ್ ಗಾಳಿ 1.6 ನಿಮಿಷದಲ್ಲಿ ತುಂಬಿದಂತಾಯಿತು, ಅಂದರೆ ನಿಮಿಷಕ್ಕೆ 200 ಲೀಟರ್. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28.3 ಲೀಟರ್, ಹಾಗಾಗಿ ಈ ಕಂಪ್ರೆಸರ್ ಕೊಡುವುದು 7 ಸಿಎಫ್‌ಎಂ. ಸಿಂಗಲ್ ಫೇಸ್ ಸಂಪರ್ಕವಿರುವ ಚಿಕ್ಕ ಶೆಡ್ಡುಗಳ 2 ಎಚ್‌ಪಿ ಯಂತ್ರದಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಬಾರದು. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಈ ಪರೀಕ್ಷೆಯನ್ನು ಸಂಜೆಯೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಈಗ 13 ಸಿಎಫ್‌ಎಂ ಕೇಳುವ ಎಚ್‌ವಿಎಲ್‌ಪಿ ಗನ್ ಒಂದನ್ನು ಇದಕ್ಕೆ ಜೋಡಿಸಿದಿರಿ ಎಂದುಕೊಳ್ಳಿ. ಪ್ರತಿ ನಿಮಿಷಕ್ಕೆ 6 ಘನ ಅಡಿ, ಅಂದರೆ ಸುಮಾರು 170 ಲೀಟರ್ ಗಾಳಿ ಟ್ಯಾಂಕಿನ ದಾಸ್ತಾನಿನಿಂದ ಹೋಗುತ್ತದೆ. ಟ್ಯಾಂಕು 7 ಬಾರ್‌ನಿಂದ 3 ಬಾರ್‌ಗೆ ಇಳಿಯುವಷ್ಟರಲ್ಲಿ ಸಿಗುವ ದಾಸ್ತಾನು 640 ಲೀಟರ್. ಟ್ರಿಗರ್ ಬಿಡದೆ ಹೊಡೆದರೆ ಅದು ನಾಲ್ಕು ನಿಮಿಷವೂ ಬರುವುದಿಲ್ಲ. ಒಂದು ಬಾಗಿಲಿಗೆ ಇಷ್ಟು ಧಾರಾಳ ಸಾಕು. ಬೋನೆಟ್ಟು ಮತ್ತು ಟಾಪ್ ಒಟ್ಟಿಗೆ ಹೊಡೆಯುವವರಿಗೆ ಸಾಲದು. ನನ್ನ ಕಾರಿನ ಅರ್ಧ ಟಾಪ್ ಹಾಳಾದದ್ದಕ್ಕೆ ಕಾರಣ ಈ ಲೆಕ್ಕದಲ್ಲಿಯೇ ಇತ್ತು.

ಪೈಪನ್ನೂ ಮರೆಯಬಾರದು. ಒಳವ್ಯಾಸ 6 ಮಿಲಿಮೀಟರ್ ಇರುವ ಉದ್ದನೆಯ ಗಾಳಿ ಪೈಪು, ಪೈಪನ್ನು ಜೋಡಿಸುವ ಕಿರಿದಾದ ಕಪ್ಲರ್ ಇವೆರಡು ಸೇರಿದರೆ ಒಳ್ಳೆಯ ಕಂಪ್ರೆಸರಿನ ಗಾಳಿಯೂ ದಾರಿಯಲ್ಲಿಯೇ ಕುಗ್ಗುತ್ತದೆ. ಎಚ್‌ವಿಎಲ್‌ಪಿಗೆ 8ರಿಂದ 10 ಮಿಲಿಮೀಟರ್ ಒಳವ್ಯಾಸದ ಪೈಪು ಬೇಕು. ಒತ್ತಡವನ್ನು ಗೋಡೆಯ ರೆಗ್ಯುಲೇಟರಿನಲ್ಲಿ ನೋಡಿ ಸಮಾಧಾನಪಡದೆ, ಗನ್ನಿನ ಹಿಡಿಕೆಯ ಬುಡದಲ್ಲಿ ಚಿಕ್ಕ ಗೇಜ್ ಕೂರಿಸಿ, ಟ್ರಿಗರ್ ಒತ್ತಿ ಹಿಡಿದುಕೊಂಡೇ ಓದಬೇಕು. ಟ್ರಿಗರ್ ಬಿಟ್ಟಾಗ ಕಾಣುವ ಅಂಕಿಗೆ ಬೆಲೆಯಿಲ್ಲ.

ಯಾವ ಬಗೆಯದು ಯಾರಿಗೆ

ಹಳೆಯ ಮಾದರಿಯ ಸಾಮಾನ್ಯ ಗನ್ 40ರಿಂದ 50 ಪಿಎಸ್‌ಐ ಒತ್ತಡದಲ್ಲಿ ಬಣ್ಣವನ್ನು ಬಹಳ ನುಣ್ಣಗೆ ಒಡೆಯುತ್ತದೆ, ಗಾಳಿಯನ್ನೂ ಮಿತವಾಗಿ ಕೇಳುತ್ತದೆ. ಆದರೆ ಆ ರಭಸಕ್ಕೆ ಹನಿಗಳು ತಗಡಿಗೆ ಬಡಿದು ಹಾರುತ್ತವೆ. ಗನ್ನಿನ ಕಪ್ಪಿಗೆ (ಬಣ್ಣದ ಬಟ್ಟಲಿಗೆ) ಹಾಕಿದ ಬಣ್ಣದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯ ಮೇಲೆ ಕೂರುತ್ತದೆ, ಉಳಿದದ್ದು ಶೆಡ್ಡಿನ ಗಾಳಿಗೆ, ಪಕ್ಕದ ಗಾಡಿಗೆ, ನಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ.

ಎಚ್‌ವಿಎಲ್‌ಪಿ ಎಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡ. ಇದರ ಏರ್ ಕ್ಯಾಪಿನಲ್ಲಿ, ಅಂದರೆ ಗನ್ನಿನ ಮೂತಿಯಲ್ಲಿ ಗಾಳಿ ಹೊರಬರುವ ತೂತುಗಳಿರುವ ಮುಚ್ಚಳದಲ್ಲಿ, ಒತ್ತಡ 10 ಪಿಎಸ್‌ಐ ಮೀರಬಾರದು; ಹಿಡಿಕೆಯ ಬುಡದಲ್ಲಿ ಸುಮಾರು 29 ಪಿಎಸ್‌ಐ ಇಡಬೇಕಾಗುತ್ತದೆ. ಈ ಬಗೆಯ ಗನ್‌ನಿಂದ ಬಣ್ಣದ 65 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಪಾಲು ತಗಡಿಗೆ ಮುಟ್ಟಬೇಕೆಂಬುದು ಅಮೆರಿಕದ ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ನಿಯಮಗಳಿಂದ ಬಂದ ಅಳತೆ. ಇದನ್ನು ನಮ್ಮ ಡಬ್ಬದ ಲೆಕ್ಕಕ್ಕೆ ತಂದುಕೊಳ್ಳಿ: 35 ಶೇಕಡಾ ಕೂರಿಸುವ ಗನ್ ಒಂದು ಲೀಟರ್ ಕ್ಲಿಯರ್ ತಿಂದು ಮಾಡುವ ಕೆಲಸವನ್ನು 65 ಶೇಕಡಾ ಕೂರಿಸುವ ಗನ್ ಸುಮಾರು 540 ಮಿಲಿಲೀಟರಿನಲ್ಲಿ ಮುಗಿಸುತ್ತದೆ. ಆದರೆ ಅದಕ್ಕೆ 12ರಿಂದ 15 ಸಿಎಫ್‌ಎಂ ಗಾಳಿ ಬೇಕು, ಅಂದರೆ 5 ಎಚ್‌ಪಿ ಕಂಪ್ರೆಸರ್ ಬೇಕು.

ಇವೆರಡರ ನಡುವೆ ಒತ್ತಡ ತಗ್ಗಿಸಿದ ಇನ್ನೊಂದು ಬಗೆಯಿದೆ. ಕಂಪನಿಗಳು ಇದನ್ನು ಆರ್‌ಪಿ, ಕಂಪ್ಲಯಂಟ್ ಮುಂತಾದ ಹೆಸರುಗಳಿಂದ ಮಾರುತ್ತವೆ. ಸುಮಾರು 10 ಸಿಎಫ್‌ಎಂ ಗಾಳಿಯಲ್ಲಿ ವೇಗವಾಗಿ ನಡೆಯುತ್ತದೆ, ಬಣ್ಣವನ್ನೂ ಉಳಿಸುತ್ತದೆ. ನನ್ನ ಅನುಭವದಲ್ಲಿ ಕ್ಲಿಯರ್ ಹೊಡೆಯಲು ಇದಕ್ಕಿಂತ ಒಳ್ಳೆಯದಿಲ್ಲ. ಎಲ್‌ವಿಎಲ್‌ಪಿ (ಕಡಿಮೆ ಗಾಳಿ, ಕಡಿಮೆ ಒತ್ತಡದ) ಗನ್ 4ರಿಂದ 6 ಸಿಎಫ್‌ಎಂನಲ್ಲಿ ಮುಗಿಸುತ್ತದೆ, ಆದರೆ ನಿಧಾನ, ಬೀಳುವ ಬಣ್ಣದ ಪಟ್ಟಿಯೂ ಕಿರಿದು. 2 ಎಚ್‌ಪಿ ಕಂಪ್ರೆಸರ್ ಇಟ್ಟುಕೊಂಡು ಬಂಪರ್, ಬಾಗಿಲು, ಬೈಕಿನ ಟ್ಯಾಂಕು ಮಾಡುವವರು ಎಚ್‌ವಿಎಲ್‌ಪಿಯ ಹಿಂದೆ ಹೋಗದೆ ಎಲ್‌ವಿಎಲ್‌ಪಿಯನ್ನೋ ಸಾಮಾನ್ಯ ಗನ್ನನ್ನೋ ಆರಿಸಿಕೊಳ್ಳುವುದು ಒಳ್ಳೆಯದೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಣ್ಣದ ಕಪ್ ಗನ್ನಿನ ಮೇಲಿರಬೇಕೋ ಕೆಳಗಿರಬೇಕೋ ಎಂಬ ಚರ್ಚೆ ಈಗ ಹೆಚ್ಚು ಉಳಿದಿಲ್ಲ. ಕಾರಿನ ಕೆಲಸಕ್ಕೆ ಮೇಲಿನ ಕಪ್ ಉತ್ತಮ. ಬಣ್ಣ ಕೊನೆಯ ಹನಿಯವರೆಗೂ ಇಳಿಯುತ್ತದೆ.

ನಾಝಲ್

ಬಣ್ಣ ಹೊರಬರುವ ನಾಝಲಿನ ತೂತು ಬೇಸ್ ಕೋಟಿಗೂ (ಕ್ಲಿಯರಿನ ಕೆಳಗಿನ ಬಣ್ಣದ ಪದರ) ಕ್ಲಿಯರಿಗೂ 1.3 ಅಥವಾ 1.4 ಮಿಲಿಮೀಟರ್, ಬಣ್ಣದ ಮೊದಲು ಕೊಡುವ ಸರ್ಫೇಸರಿಗೆ 1.6ರಿಂದ 2.0, ದಪ್ಪನೆಯ ಸ್ಪ್ರೇ ಪುಟ್ಟಿಗೆ 2.0ಕ್ಕಿಂತ ಮೇಲೆ ಇರಬೇಕು. ಒಂದೇ ಗನ್ನಿನಲ್ಲಿ ಸರ್ಫೇಸರನ್ನೂ ಕ್ಲಿಯರನ್ನೂ ಹೊಡೆಯುವ ಅಭ್ಯಾಸವನ್ನು ಬಿಡಲೇಬೇಕು. ಎಷ್ಟು ತೊಳೆದರೂ ಸರ್ಫೇಸರಿನ ಪುಡಿ ಒಂದು ದಿನ ಕ್ಲಿಯರಿನ ನಡುವೆ ಕಾಣಿಸಿಕೊಳ್ಳುತ್ತದೆ. ಹಣ ಕಡಿಮೆಯಿದ್ದರೆ ಅಗ್ಗದ ಗನ್ ಸರ್ಫೇಸರಿಗಿರಲಿ, ಒಳ್ಳೆಯದು ಕ್ಲಿಯರಿಗಿರಲಿ.

ಕಾಗದದ ಮೇಲೆ ಪರೀಕ್ಷೆ

ಎರಡು ಗನ್‌ಗಳನ್ನು ಹೋಲಿಸುವಾಗ ಒಂದೇ ಡಬ್ಬದಲ್ಲಿ ಕಲಸಿದ, ಬಿ4 ಕಪ್ಪಿನಲ್ಲಿ (ಬಣ್ಣ ಎಷ್ಟು ತೆಳುವಾಗಿದೆ ಎಂದು ಅಳೆಯುವ, ತಳದಲ್ಲಿ ತೂತಿರುವ ಬಟ್ಟಲು) ಡಬ್ಬದ ಮೇಲೆ ಹೇಳಿದಷ್ಟೇ ಸೆಕೆಂಡಿನಲ್ಲಿ ಇಳಿಯುವ ಬಣ್ಣವನ್ನು ಎರಡಕ್ಕೂ ಹಾಕಬೇಕು. ಗನ್ ಹಿಡಿಯುವ ದೂರ ಮಾತ್ರ ಬೇರೆ ಬೇರೆ. ಸಾಮಾನ್ಯ ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದರೆ ಎಚ್‌ವಿಎಲ್‌ಪಿಯನ್ನು ಒಂದು ಚೋಟು, ಅಂದರೆ 15 ಸೆಂಟಿಮೀಟರಿನಷ್ಟು ಹತ್ತಿರ ಹಿಡಿಯಬೇಕು, ಕೈಯನ್ನೂ ಸ್ವಲ್ಪ ನಿಧಾನ ಮಾಡಬೇಕು. ಹಳೆಯ ಗನ್ನಿಗೆ ಹೊಂದಿದ ಕೈ ಹೊಸದನ್ನೂ ಗೇಣು ದೂರದಲ್ಲಿಯೇ ಹಿಡಿದು, ಬಣ್ಣ ಒಣಒಣವಾಗಿ ಬಿತ್ತೆಂದು ಗನ್ನನ್ನು ದೂರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಗೋಡೆಗೆ ಮಾಸ್ಕಿಂಗ್ ಕಾಗದ ಅಂಟಿಸಿ, ಗನ್ನನ್ನು ಅಲುಗಿಸದೆ, ಟ್ರಿಗರನ್ನು ಪೂರ್ತಿ ಒತ್ತಿ ಕೂಡಲೇ ಬಿಡಿ. ಮೇಲೆ ಕೆಳಗೆ ಒಂದೇ ಸಮನಾದ, ಅಂಚು ಮೆಲ್ಲಗೆ ತೆಳುವಾಗುವ ಉದ್ದನೆಯ ಅಂಡಾಕಾರ ಬಂದರೆ ಸರಿ. ನಡುವೆ ಬಣ್ಣ ತುಂಬಿ ಅಂಚು ಖಾಲಿಯಾದರೆ ಒತ್ತಡ ಕಡಿಮೆ ಅಥವಾ ಬಣ್ಣ ದಪ್ಪ. ಎರಡು ತುದಿಯಲ್ಲಿ ದಪ್ಪವಾಗಿ ನಡುವೆ ಸೊರಗಿದರೆ ಒತ್ತಡ ಹೆಚ್ಚು. ಬಾಳೆಹಣ್ಣಿನಂತೆ ಬಾಗಿದರೆ ಏರ್ ಕ್ಯಾಪಿನ ಎರಡು ಬದಿಗೆ ಚಾಚಿದ ಕೊಂಬಿನ ತೂತು ಕಟ್ಟಿದೆಯೆಂಬ ಸಂಶಯ ಬರಬೇಕು. ಆಗ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಬಾಗು ಇನ್ನೊಂದು ಕಡೆಗೆ ತಿರುಗಿದರೆ ದೋಷ ಕ್ಯಾಪಿನದು, ಇದ್ದಲ್ಲಿಯೇ ಉಳಿದರೆ ನಾಝಲಿನದು. ಅಂಗಡಿಯಲ್ಲಿ ಹೊಸ ಗನ್ ತೆಗೆದುಕೊಳ್ಳುವಾಗಲೂ, ಅವರು ಒಪ್ಪಿದರೆ, ಈ ಒಂದು ಪರೀಕ್ಷೆ ಮಾಡಿಸಿಕೊಳ್ಳಿ.

ಬೋನೆಟ್ಟಿನ ಮೇಲೆ ಪರೀಕ್ಷೆ

ಗುಜರಿಯಿಂದ ಹಳೆಯ ಬೋನೆಟ್ ಒಂದನ್ನು ತಂದು, ಉಜ್ಜಿ, ಸರ್ಫೇಸರ್ ಕೊಟ್ಟು, ನಡುವೆ ಟೇಪ್ ಎಳೆದು ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಹೊಡೆಯುವಾಗ ಇನ್ನೊಂದನ್ನು ಮುಚ್ಚಿಡಿ. ಬೆಳ್ಳಿ ಬಣ್ಣವೇ ಇರಲಿ, ಏಕೆಂದರೆ ಬಿಳಿಯಲ್ಲಿ ಅಡಗುವ ತಪ್ಪುಗಳು ಬೆಳ್ಳಿಯಲ್ಲಿ ಮೋಡ ಮೋಡವಾಗಿ ಎದ್ದು ಕಾಣುತ್ತವೆ. ಹೊಡೆಯುವ ಮೊದಲೂ ಆಮೇಲೂ ಕಪ್ಪನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ತಳ ಮುಚ್ಚುವಷ್ಟು ಬಣ್ಣಕ್ಕೆ ಯಾವ ಗನ್ ಎಷ್ಟು ಗ್ರಾಂ ತಿಂದಿತೆಂಬುದು ಬೆಲೆಪಟ್ಟಿಗಿಂತ ನಿಜವಾದ ಮಾತು. ಮರುದಿನ ಬೋನೆಟ್ಟನ್ನು ಬಿಸಿಲಿಗೆ ತಂದು ಓರೆಯಾಗಿ ನೋಡಿ. ಟ್ಯೂಬ್‌ಲೈಟಿನಡಿ ಒಂದೇ ತೆರನಾಗಿ ಕಂಡದ್ದು ಅಲ್ಲಿ ಬೇರೆಯಾಗಿ ಕಂಡೀತು.

ಮಳೆಗಾಲದ ನೀರು

ನಮ್ಮ ಕರಾವಳಿಯಲ್ಲಿ ಇದನ್ನು ಬಿಟ್ಟು ಗನ್ನಿನ ಮಾತಾಡುವಂತಿಲ್ಲ. 30 ಡಿಗ್ರಿ ಸೆಲ್ಸಿಯಸ್, 85 ಶೇಕಡಾ ತೇವವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 26 ಗ್ರಾಂ ನೀರಿರುತ್ತದೆ. ನಿಮಿಷಕ್ಕೆ 200 ಲೀಟರ್ ಕೊಡುವ ಕಂಪ್ರೆಸರ್ ಗಂಟೆಗೆ 12 ಘನ ಮೀಟರ್ ಎಳೆಯುತ್ತದೆ. 7 ಬಾರ್‌ಗೆ ಒತ್ತಿ ತಣಿದಾಗ ಅದರಿಂದ ಗಂಟೆಗೆ ಕಾಲು ಲೀಟರಿನಷ್ಟು ನೀರು ಇಳಿಯುತ್ತದೆ. ಟ್ಯಾಂಕಿನ ನೀರು ಬಿಡದೆ ಹೋದರೆ ಅದು ಗನ್ನಿನಿಂದಲೇ ಹೊರಗೆ ಬರುತ್ತದೆ, ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆತ ಕ್ಲಿಯರಿನಲ್ಲಿ ಗುಳ್ಳೆ ಏಳಿಸುತ್ತದೆ. ನೀರಿನ ಫಿಲ್ಟರನ್ನು ಕಂಪ್ರೆಸರಿನ ಬಾಯಿಗೇ ಕೂರಿಸಿದರೆ ಬಿಸಿ ಗಾಳಿಯ ಆವಿ ಹಾಗೆಯೇ ದಾಟಿ ಹೋಗುತ್ತದೆ. ಏಳೆಂಟು ಮೀಟರ್ ಕಬ್ಬಿಣದ ಪೈಪಿನಲ್ಲಿ ಗಾಳಿ ತಣಿದ ಮೇಲೆ ಫಿಲ್ಟರ್ ಇರಬೇಕು, ಗನ್ನಿಗೆ ಹೋಗುವ ಕವಲನ್ನು ಪೈಪಿನ ಮೇಲುಭಾಗದಿಂದ ಕೊಡಬೇಕು. ಮಳೆಗಾಲದಲ್ಲಿ ಮಾಡಿದ ಹೋಲಿಕೆಯಲ್ಲಿ ಗನ್ ಸೋತರೆ, ಮೊದಲು ಫಿಲ್ಟರಿನ ಬಟ್ಟಲನ್ನು ನೋಡಿ.

ಮಾಸ್ಕ್ ಮತ್ತು ತೊಳೆಯುವಿಕೆ

2ಕೆ, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ, ಕ್ಲಿಯರಿನ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅಪಾಯದ ಮಟ್ಟದಲ್ಲಿಯೂ ಅದರ ವಾಸನೆ ಮೂಗಿಗೆ ತಿಳಿಯುವುದಿಲ್ಲ, ಒಮ್ಮೆ ಉಬ್ಬಸ ಹಿಡಿದರೆ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಸರಿಯಾದದ್ದು; ಆದರೆ ಎಣ್ಣೆ ಹಾಕುವ ಕಂಪ್ರೆಸರಿನ ಗಾಳಿಯನ್ನು ಉಸಿರಾಟದ ಫಿಲ್ಟರ್ ಇಲ್ಲದೆ ಅದಕ್ಕೆ ಕೊಡಬಾರದು. ಕನಿಷ್ಠಪಕ್ಷ ಇದ್ದಿಲಿನ ಹೊಸ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಧರಿಸಿ. ಮೂಗಿಗೆ ತೋರ್ತು (ತೆಳು ಟವೆಲು) ಕಟ್ಟಿಕೊಂಡು ಕ್ಲಿಯರ್ ಹೊಡೆಯುವ ಹುಡುಗರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕೆಲಸ ಮುಗಿದ ಕೂಡಲೇ ಗನ್ನನ್ನು ತೊಳೆಯಿರಿ, ಆದರೆ ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಡಬೇಡಿ. ಒಳಗಿನ ಪ್ಯಾಕಿಂಗ್ ಹಾಳಾಗುತ್ತದೆ, ಗಾಳಿಯ ದಾರಿಗೆ ಕೊಳೆ ಸೇರುತ್ತದೆ. ಏರ್ ಕ್ಯಾಪಿನ ತೂತುಗಳಿಗೆ ಮೊಳೆ, ತಂತಿ ಹಾಕಬಾರದು, ಬಿದಿರಿನ ಹಲ್ಲುಕಡ್ಡಿಯನ್ನು ನೆನೆಸಿ ಬಳಸಿ. ನಾಝಲಿನ ತೂತನ್ನು ಮುಚ್ಚಿ ತೆರೆಯುವ ನೀಡಲಿಗೆ (ಸೂಜಿಗೆ) ಹಚ್ಚುವ ಗ್ರೀಸಿನಲ್ಲಿ ಸಿಲಿಕೋನ್ ಇದ್ದರೆ ಮುಂದಿನ ಗಾಡಿಯ ಬಣ್ಣದಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ನಾಝಲ್ ಸವೆದಾಗ ನೀಡಲ್, ನಾಝಲ್, ಏರ್ ಕ್ಯಾಪ್ ಮೂರನ್ನೂ ಸೆಟ್ಟಾಗಿಯೇ ಬದಲಾಯಿಸಿ. ಆ ಸೆಟ್ಟು ಮಂಗಳೂರಿನಲ್ಲಿ ಸಿಗುತ್ತದೆಯೇ ಎಂದು ಗನ್ ಕೊಳ್ಳುವ ದಿನವೇ ಅಂಗಡಿಯವರಲ್ಲಿ ಕೇಳಿ, ಸಾಧ್ಯವಾದರೆ ಒಂದನ್ನು ಗನ್ನಿನ ಜೊತೆಗೇ ತೆಗೆದುಕೊಂಡು ಬನ್ನಿ.